ಮಂಗಮ್ಮನ ಹೆಸರಿನ ಓಟು

1985ರ ಮೇ 14, ಬೆಳಿಗ್ಗೆ ಹತ್ತೂವರೆ. ಆ ದೂರು ಬಂಗಾರಪೇಟೆ ಠಾಣೆಗೆ ಬಂದು ಬೀಳುವ ಹೊತ್ತಿಗೆ ಅದಕ್ಕೆ ಎರಡು ತಿಂಗಳು ತುಂಬಿತ್ತು. ಮಾರ್ಚ್ 5ರ ಚುನಾವಣೆಯಲ್ಲಿ, ಕಾಮಸಮುದ್ರದಾಚೆಯ ಹಳ್ಳಿಯೊಂದರಲ್ಲಿ, ಸತ್ತುಹೋದ ಮಂಗಮ್ಮನ ಹೆಸರಿನಲ್ಲಿ ಯಾರೋ ಕಳ್ಳ ಓಟು ಹಾಕಿದ್ದಾರೆಂದು ಸೋತ ಪಕ್ಷದ ಏಜೆಂಟ್ ಬಚ್ಚಪ್ಪ ಬರೆದಿದ್ದ. ದೂರು ತಾಲ್ಲೂಕಿನಿಂದ ಜಿಲ್ಲೆಗೆ, ಅಲ್ಲಿಂದ ಬೆಂಗಳೂರಿಗೆ ಹೋಗಿ, ಮೈತುಂಬ ಮೊಹರು ಹೊಡೆಸಿಕೊಂಡು, 'ಸೂಕ್ತ ಕ್ರಮಕ್ಕಾಗಿ' ಎಂಬ ಷರಾ ಹೊತ್ತು ಇಳಿದಿತ್ತು. ಸರ್ಕಾರದ ಕೆಲಸ ದೇವರ ಕೆಲಸವಂತೆ, ದೇವರಿಗೆಲ್ಲಿಯ ಅವಸರ!

ಸಬ್ ಇನ್‌ಸ್ಪೆಕ್ಟರ್ ಸುಬ್ಬರಾಯಪ್ಪ ಎಫ್‌ಐಆರ್ ದಾಖಲಿಸಿ, ಮತಗಟ್ಟೆಯಲ್ಲಿ ಗುರುತು ಹಾಕಿದ್ದ ಪಟ್ಟಿ ತರಿಸಿದರು. ಓಟು ಹಾಕಿದವರ ಹೆಸರಿನಡಿ ಗೀರು ಎಳೆದಿತ್ತು. ಮಂಗಮ್ಮನ ಹೆಸರಿಗೆ ಗೀರಿತ್ತು. ಅದೇ ಮನೆಯಲ್ಲಿದ್ದ ಅವಳ ತಾಯಿ ಅಕ್ಕಯ್ಯಮ್ಮನ ಹೆಸರಿಗೆ ಇರಲಿಲ್ಲ.

ಮಾರನೆಯ ದಿನ ಕಾನ್‌ಸ್ಟೇಬಲ್ ಚಿಕ್ಕವೆಂಕಟಪ್ಪನೊಂದಿಗೆ ಹಳ್ಳಿಗೆ ಹೋದರು. ಅಕ್ಕಯ್ಯಮ್ಮ ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಎಡಗೈ ತೋರುಬೆರಳಿನ ಉಗುರಿನ ತುದಿಯಲ್ಲಿ ಓಟಿನ ಮಸಿ ಇನ್ನೂ ಉಳಿದಿತ್ತು. 11.40ಕ್ಕೆ ಪಂಚರ ಮುಂದೆ ಅದಕ್ಕೇ ಪಂಚನಾಮೆಯಾಯಿತು.

"ಮಂಗಮ್ಮ ನಿನಗೇನಾಗಬೇಕು?"

"ಮಗಳು ಸ್ವಾಮಿ. ಓದ್ ವರ್ಸ ಎರಿಗೇಲಿ ಓಗ್ಬಿಟ್ಲು."

"ಅವಳ ಓಟು ಹಾಕಿದ್ದು ನೀನಾ?"

"ಊಂ."

"ನಿನ್ನದು?"

"ಒಬ್ರಿಗೆ ಒಂದೇ ಅಂತಲ್ಲ. ಅವಳದ್ನೇ ಆಕ್ದೆ."

"ಯಾರು ಹೇಳಿಕೊಟ್ಟರು?"

"ಪಕ್ಕದೂರಿನ ಬಚ್ಚಪ್ಪ. ಚೀಟಿ ಹಂಚೋಕೆ ಬಂದು, ನಂದೂ ಅವಳದೂ ಕೈಗಿಕ್ಕಿ, 'ಓಟಾಕ್ದಿದ್ದೋರು ಸತ್ತಂಗೆ ಲೆಕ್ಕ, ಹೆಸರು ಹೊಡ್ದಾಕ್ತಾರೆ' ಅಂದ. ಅವನ ಗುರ್ತಿಗೇ ಒತ್ತಿದೀನಿ ಸ್ವಾಮಿ."

ಕೇಳಿ ಚಿಕ್ಕವೆಂಕಟಪ್ಪ ಕಿಸಕ್ಕನೆ ನಕ್ಕ. ಸುಬ್ಬರಾಯಪ್ಪ ನಗಲಿಲ್ಲ.

"ಹಾಗಾದರೆ ನೀನೇ ಸತ್ತ ಲೆಕ್ಕವಾಯಿತಲ್ಲಮ್ಮಾ?"

"ನಾನು ಬೀದೀಲಿ ಓಡಾಡ್ತೀನಲ್ಲಪ್ಪ, ಎಲ್ರಿಗೂ ಕಾಣ್ತೀನಿ. ಅವಳು ಇರೋದು ಆ ಪಟ್ಟೀಲಿ ಮಾತ್ರ ಅಲ್ವಾ?"

ಅಯ್ಯೋ, ಎಂಥ ತಾಯಿ! ಸುಬ್ಬರಾಯಪ್ಪನವರ ಕರುಳು ಚುರ್ ಎಂದಿತು. ಆದರೆ ಕಾನೂನಿಗೆ ಕರುಳಿಲ್ಲ. ಕಲಂ 171-ಎಫ್ ಅಡಿ ದಸ್ತಗಿರಿ ಮಾಡಿ ಠಾಣೆಗೆ ಕರೆತಂದು, ಅಲ್ಲಿಯೇ ಜಾಮೀನಿನ ಕಾಗದ ಬರೆಸಿದರು. ಮೇಲಿನಿಂದ ಬಂದ ಪತ್ರದ ಕೊನೆಯಲ್ಲಿ ಇನ್ನೊಂದು ಸಾಲಿತ್ತು: ಮೃತಳ ಹೆಸರನ್ನು ಪಟ್ಟಿಯಿಂದ ತೆಗೆಯಲು ವರದಿ ಸಲ್ಲಿಸುವುದು.

ಹೆಬ್ಬೆಟ್ಟು ಒತ್ತಿದ ಅಕ್ಕಯ್ಯಮ್ಮ ಮೇಜಿನ ಮೇಲಿದ್ದ ಪಟ್ಟಿಯನ್ನೇ ನೋಡುತ್ತಿದ್ದಳು.

"ನಂಗೆ ಓದಾಕ್ ಬರಲ್ಲ. ಅವಳ ಹೆಸರು ಯಾವ್ದು ಅಂತ ಒಂದ್ಸಲ ತೋರ್ಸಪ್ಪ."

ಅವರು ಅವಳ ಬೆರಳು ಹಿಡಿದು ಆ ಹೆಸರಿನ ಮೇಲಿಟ್ಟರು. ಮಸಿ ಉಳಿದ ಅದೇ ಬೆರಳು. ಅವಳು ಅಕ್ಷರಗಳನ್ನು ಮೆಲ್ಲಗೆ ಸವರಿದಳು.

"ಇನ್ನು ಹೊಡ್ದಾಕಲ್ಲ ಅಲ್ವಾ?"

"ಇಲ್ಲ ಕಣಮ್ಮಾ, ಇರುತ್ತೆ," ಎಂದರು ಸುಬ್ಬರಾಯಪ್ಪ.

ಮೂರು ಗಂಟೆಗೆ ಅವಳು ಕಾಮಸಮುದ್ರದ ಬಸ್ಸು ಹತ್ತಿದಳು. ಬಸ್ಸು ಹೋದ ಮೇಲೆ ಅವರು ಹೆಸರು ತೆಗೆಯುವ ವರದಿಗೆ ರುಜು ಹಾಕಿದರು.