ಕಣಜಗಳು ಕಾಯಲಿಲ್ಲ

ಅಂದು ಬೆಳಿಗ್ಗೆ ಅವಳು ಪೆಟ್ಟಿಗೆಯನ್ನು ಲ್ಯಾಬಿನ ಬಾಗಿಲಲ್ಲೇ ನಿಂತು ಕೊಟ್ಟಳು. ಒಳಗೆ ಬನ್ನಿ ಎನ್ನಲಿಲ್ಲ.

ಡ್ರೋನ್ ಹಾರಿಸುವವನನ್ನು ಲ್ಯಾಬಿನಲ್ಲಿ ಎಲ್ಲರೂ ‘ಪೈಲಟ್’ ಎಂದೇ ಕರೆಯುತ್ತಿದ್ದರು. ಹೊಸ್ತಿಲ ಒಳಗೆ ಆಗಲೇ ಇಟ್ಟಿದ್ದ ಒಂದು ಕಾಲನ್ನು ಅವನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡ.

“ಚಹಾ ಇಲ್ವಾ ಮೇಡಂ ಇವತ್ತು?”

“ಇಲ್ಲ. ಬಿಸಿಲೇರೋದ್ರೊಳಗೆ ಹೊರಡಿ.”

“ಹೇಗಿದ್ದೀರಿ ಅಂತ ಕೇಳೋ ಹಾಗೂ ಇಲ್ವಾ?”

“ಚೆನ್ನಾಗಿದ್ದೀನಿ. ಹೊರಡಿ.”

ಬ್ಯಾಟರಿ ಎಷ್ಟು ಉಳಿದಿದೆ ಎಂದು ನೋಡುವವನ ಹಾಗೆ ಅವನು ಅವಳ ಮುಖ ನೋಡಿದ. ಏನೂ ಸಿಗಲಿಲ್ಲವೇನೋ, ಪೆಟ್ಟಿಗೆ ಎದೆಗವಚಿಕೊಂಡು ವ್ಯಾನಿನ ಕಡೆ ನಡೆದ. ಅವಳು ಬಾಗಿಲು ಮುಚ್ಚಿ, ಅದಕ್ಕೇ ಬೆನ್ನು ಕೊಟ್ಟು ನಿಂತಳು. ವ್ಯಾನಿನ ಸದ್ದು ರಸ್ತೆ ತಿರುವಿನಲ್ಲಿ ಕರಗುವವರೆಗೂ ಅಲ್ಲಿಂದ ಕದಲಲಿಲ್ಲ.

ಅವಳ ಕೆಲಸ ಕಣಜ ಸಾಕುವುದು. ಸಾಸಿವೆ ಕಾಳಿಗಿಂತ ಸಣ್ಣ ಕಣಜಗಳು. ಅವಕ್ಕೆ ಕಚ್ಚಲು ಬರುವುದಿಲ್ಲ. ಪತಂಗಗಳು ಜೋಳದ ಎಲೆಯ ಅಡಿಯಲ್ಲಿಟ್ಟ ಮೊಟ್ಟೆಯನ್ನು ಹುಡುಕಿ, ಅದರೊಳಗೆ ತಮ್ಮ ಮೊಟ್ಟೆ ಇಡುತ್ತವೆ. ನಾಲ್ಕೈದು ದಿನದಲ್ಲಿ ಪತಂಗದ ಮೊಟ್ಟೆ ಕಪ್ಪಾಗುತ್ತದೆ. ಬೆಳೆ ತಿನ್ನುವ ಹುಳು ಹುಟ್ಟುವುದೇ ಇಲ್ಲ. ಇನ್ನೇನು ಹೊರಬರಬೇಕು ಎನ್ನುವ ಕಣಜಗಳನ್ನು ಅವಳು ಬಟಾಣಿ ಗಾತ್ರದ ಕಾಗದದ ಗುಂಡುಗಳಲ್ಲಿ ತುಂಬಿ ತಂಪಿನಲ್ಲಿಡುತ್ತಿದ್ದಳು. ಪೈಲಟ್ ಅವನ್ನು ಡ್ರೋನಿನಿಂದ ಹೊಲದ ಉದ್ದಕ್ಕೂ ಉದುರಿಸುತ್ತಿದ್ದ. ತಂಪಿನಿಂದ ತೆಗೆದ ಮೇಲೆ ತಡಮಾಡುವಂತಿಲ್ಲ. ಅವು ಹೊಲದಲ್ಲಿ ಕಣ್ಣು ಬಿಡಬೇಕೇ ಹೊರತು ಪೆಟ್ಟಿಗೆಯಲ್ಲಲ್ಲ.

ಎರಡು ವಾರದ ಹಿಂದೆ ಅವು ಪೆಟ್ಟಿಗೆಯಲ್ಲೇ ಕಣ್ಣು ಬಿಟ್ಟು, ಅಲ್ಲೇ ಸತ್ತಿದ್ದವು.

ಅಂದು ವ್ಯಾನಿನ ಸದ್ದು ಕೇಳಿದೊಡನೆ ಅವಳು ಪೆಟ್ಟಿಗೆ ತೆಗೆದು ಕಿಟಕಿಯ ಪಕ್ಕದ ಮೇಜಿನ ಮೇಲಿಟ್ಟಿದ್ದಳು. ಐದು ನಿಮಿಷ ಚಹಾ ಎಂದು ಅವನು ಕೂತ. ಮೊದಲ ಬಾರಿ ಡ್ರೋನ್ ಹಾರಿಸಿದಾಗ ಅದು ಯಾರದೋ ತಾರಸಿಯಿಂದ ಒದ್ದೆ ಟವೆಲ್ ಹೊತ್ತು ತಂದದ್ದು, ಸ್ನಾನಕ್ಕಿಳಿದಿದ್ದ ಆ ಮನೆಯಾತ ಸೊಂಟಕ್ಕೆ ಬಕೆಟ್ ಹಿಡಿದುಕೊಂಡು ಬೀದಿಯುದ್ದಕ್ಕೂ ಓಡಿಬಂದದ್ದು... ಅವಳು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಿದ್ದಳು. ಅವನು ಎದ್ದಾಗ ಒಂದೂವರೆ ಗಂಟೆ ಕಳೆದಿತ್ತು. ಬಿಸಿಲು ಮೇಜಿನ ತುಂಬ ಹರಡಿತ್ತು. ಪೆಟ್ಟಿಗೆ ಬೆಚ್ಚಗಾಗಿತ್ತು. ಅವಳು ಮುಟ್ಟಿ ನೋಡಿದಳು, ಏನೂ ಆಗಲಾರದು ಎಂದು ತನಗೇ ಹೇಳಿಕೊಂಡು ಕೊಟ್ಟು ಕಳಿಸಿದಳು.

ಐದನೇ ದಿನ ಹೊಲದಲ್ಲಿ ಗುರುತು ಹಾಕಿದ ನೂರು ಎಲೆಗಳಲ್ಲಿ ಮೊಟ್ಟೆ ಕಪ್ಪಾಗಿದ್ದದ್ದು ಆರರಲ್ಲಿ ಮಾತ್ರ.

ಹೊಲದ ಯಜಮಾನಿ ಎರಡೂ ಕೈ ಸೊಂಟದ ಮೇಲಿಟ್ಟುಕೊಂಡು ಹೇಳಿದ್ದಳು, “ನೋಡಮ್ಮ, ಇನ್ನೊಂದೇ ಸಲ. ಆಗ್ಲಿಲ್ಲ ಅಂದ್ರೆ ನಾನು ಔಷಧಿ ಹೊಡಿಸ್ತೀನಿ. ಸುತ್ತಲಿನವರೆಲ್ಲ ನನ್ನ ಹೊಲಾನೇ ನೋಡ್ತಾ ಕೂತಿದ್ದಾರೆ.”

ಔಷಧಿ ಬಿದ್ದರೆ ಕಣಜಗಳೂ ಸಾಯುತ್ತವೆ. ಈ ಭಾಗದ ಕೆಲಸ ಅಲ್ಲಿಗೆ ಮುಗಿದ ಹಾಗೆ. ಡ್ರೋನನ್ನು ಬೇರೆ ಊರಿಗೆ ಕಳಿಸುತ್ತಾರೆ, ಅದರ ಜೊತೆ ಪೈಲಟನನ್ನೂ.

ಅದಕ್ಕಿಂತ ಹೆಚ್ಚಾಗಿ ಅವಳನ್ನು ಕೊರೆಯುತ್ತಿದ್ದದ್ದು ಇನ್ನೊಂದು. ಅವನು ತಪ್ಪು ತನ್ನ ಯಂತ್ರದ್ದೇ ಎಂದುಕೊಂಡಿದ್ದ. ಗುಂಡು ಉದುರಿಸುವ ಡಬ್ಬಿಯನ್ನು ಮೂರು ಸಲ ಬಿಚ್ಚಿ, ತೊಳೆದು, ಜೋಡಿಸಿದ್ದ. ವರದಿಯಲ್ಲೂ ಹಾಗೆಯೇ ಬರೆದು ಸಹಿ ಹಾಕಿದ್ದ. ಅವಳು ಸುಮ್ಮನಿದ್ದಳು. ನಿಜ ಹೇಳಬೇಕೆಂದರೆ ಆ ಒಂದೂವರೆ ಗಂಟೆಯ ಬಗ್ಗೆ ಹೇಳಬೇಕಿತ್ತು.

“ಹೇಳಿಬಿಡೇ,” ಎಂದಿದ್ದಳು ಮನೆಯಲ್ಲಿ ಅಕ್ಕ, ಬಟ್ಟೆ ಮಡಿಸುತ್ತ. “ನುಂಗೋಕೂ ಆಗದೆ ಉಗುಳೋಕೂ ಆಗದೆ ಎಷ್ಟು ದಿನ ಅಂತ ಒದ್ದಾಡ್ತೀಯಾ?”

*

ಎರಡನೇ ಸಲ ಉದುರಿಸಿದ ಐದನೇ ದಿನ ಇಬ್ಬರೂ ಹೊಲಕ್ಕೆ ಹೋದರು. ಹೆಗಲೆತ್ತರದ ಜೋಳದ ಸಾಲಿನೊಳಗೆ ಇಳಿದರು. ಯಜಮಾನಿ ಬದುವಿನ ಮೇಲೆ ಕಾಯುತ್ತ ನಿಂತಿದ್ದಳು.

ಗುರುತಿನ ಮೊದಲ ಗಿಡದ ಮುಂದೆ ಅವಳು ಭೂತಗನ್ನಡಿ ತೆಗೆದಳು. ಎಲೆ ತಿರುಗಿಸಲಿಲ್ಲ.

“ನೋಡಿ ಮೇಡಂ,” ಎಂದ ಅವನು. “ಈ ಸಲಾನೂ ಕೆಟ್ಟಿದ್ರೆ ನಾನೇ ಕಾರಣ. ನೀವು ಬಾಗಿಲಲ್ಲಿ ನಿಲ್ಲಿಸಿ ಕಳಿಸಿದ್ದು ಸರೀನೇ. ಸಿಟ್ಟು ಬರೋದು ಸಹಜ.”

“ಸಿಟ್ಟಲ್ಲ.”

“ಮತ್ತೆ?”

“ನಿಮ್ಮ ಡಬ್ಬಿ ಸರಿಯಾಗೇ ಇತ್ತು.” ಅವಳು ಎಲೆಯನ್ನೇ ನೋಡುತ್ತಿದ್ದಳು. “ಅವತ್ತು ಪೆಟ್ಟಿಗೆ ಬಿಸಿಲಲ್ಲಿತ್ತು. ಒಂದೂವರೆ ಗಂಟೆ. ನೀವು ತಗೊಂಡು ಹೋಗಿದ್ದು ಹೆಚ್ಚುಕಮ್ಮಿ ಸತ್ತ ಕಣಜಗಳನ್ನ. ನನಗೆ ಗೊತ್ತಿತ್ತು. ಆಫೀಸಿಗೆ ಇವತ್ತು ಬೆಳಿಗ್ಗೆ ಬರೆದು ಕಳಿಸಿದ್ದೀನಿ. ನಿಮಗೆ ಬಾಯಲ್ಲಿ ಹೇಳ್ಬೇಕಿತ್ತು.”

ಬೈಯಲಿ ಎಂದು ಅವಳು ಕಾದಳು.

“ನೀವಾ?” ಎಂದ ಕೊನೆಗೆ. “ಥರ್ಮಾಮೀಟರನ್ನೇ ನಂಬದೆ ಇನ್ನೊಂದು ಥರ್ಮಾಮೀಟರ್ ಇಟ್ಟು ನೋಡೋರು. ಗಡಿಯಾರ ನೋಡೋದು ಮರೆತುಬಿಟ್ರಾ?”

ಹೂಂ ಎಂದುಬಿಡಬಹುದಿತ್ತು. ಮರೆವಿಗೆ ಯಾರೂ ತಪ್ಪು ಹೊರಿಸುವುದಿಲ್ಲ.

“ಮರೆತಿರಲಿಲ್ಲ,” ಎಂದಳು. “ಎರಡು ಸಲ ನೋಡಿದೆ. ಹೇಳಿದ್ರೆ ನೀವು ಎದ್ದು ಹೋಗ್ತಿದ್ರಿ.”

ಜೋಳದ ಎಲೆಗಳು ಒಂದಕ್ಕೊಂದು ಉಜ್ಜಿ ಸರಸರ ಎಂದವು. ಅವನ ಕಿವಿ ನಿಧಾನಕ್ಕೆ ಕೆಂಪಾಗುವುದನ್ನು ಅವಳು ಓರೆಗಣ್ಣಿನಲ್ಲಿ ನೋಡಿದಳು. ಮೊದಲು ಅಂಚು, ಆಮೇಲೆ ಪೂರ್ತಿ.

“ನಾನೂ ನೋಡಿದ್ದೆ,” ಎಂದ. “ಮೂರು ಸಲ. ಟವೆಲ್ ಕಥೆ ಅಷ್ಟುದ್ದ ಇಲ್ಲ ಮೇಡಂ. ಬಕೆಟ್ ನಾನು ಸೇರಿಸಿದ್ದು.”

ಅವಳ ನಗು ತಡೆಯಲಾಗದೆ ಹೊರಬಂತು.

“ಏನ್ರಮ್ಮ ಅಲ್ಲಿ?” ಬದುವಿನಿಂದ ಯಜಮಾನಿ ಕೂಗಿದಳು. “ಕಪ್ಪಾಗಿದೆಯೋ ಇಲ್ವೋ ಅದನ್ನ ಬೊಗಳಿ ಮೊದಲು! ನನ್ನ ಎದೆ ಡವಡವ ಅಂತಿದೆ!”

ಇಬ್ಬರೂ ಒಟ್ಟಿಗೇ ಎಲೆಗೆ ಕೈ ಹಾಕಿದರು. ಅವನು ಎಲೆ ತಿರುಗಿಸಿ ಹಿಡಿದ. ಅವಳು ಭೂತಗನ್ನಡಿ ಹಿಡಿದಳು. ನಗು ಇನ್ನೂ ನಿಲ್ಲದೆ ಗಾಜು ಅಲುಗುತ್ತಿದ್ದದ್ದರಿಂದ ಮೊದಲು ಬರೀ ಹಸಿರು ಕಂಡಿತು. ಅವನು ಅವಳ ಮಣಿಕಟ್ಟಿಗೆ ತನ್ನ ಕೈಯ ಆಸರೆ ಕೊಟ್ಟ. ಗಾಜು ಅಲುಗುವುದು ನಿಂತಿತು. ಮೊಟ್ಟೆಗಳ ಗುಂಪು ಸ್ಪಷ್ಟವಾಯಿತು.

ಕಾಡಿಗೆಯಷ್ಟು ಕಪ್ಪು.

ನೂರು ಎಲೆ ನೋಡಿ ಮುಗಿಸಲು ಮಧ್ಯಾಹ್ನವಾಯಿತು. ಎಂಬತ್ತಮೂರರಲ್ಲಿ ಕಪ್ಪು. ಯಜಮಾನಿ ತಾನೇ ಭೂತಗನ್ನಡಿ ಕಿತ್ತುಕೊಂಡು ಹತ್ತು ಎಲೆ ಪರೀಕ್ಷಿಸಿದಳು. “ಔಷಧಿಯವನಿಗೆ ಬರಬೇಡ ಅಂತ ಫೋನ್ ಮಾಡ್ತೀನಿ,” ಎಂದವಳು, ಇಬ್ಬರನ್ನೂ ಒಮ್ಮೆ ಮೇಲಿಂದ ಕೆಳಗೆ ನೋಡಿ, “ನೀವಿಬ್ರೂ ನಿಧಾನಕ್ಕೆ ಬನ್ನಿ, ನನಗೇನೂ ಅವಸರ ಇಲ್ಲ,” ಎಂದು ನಡೆದೇಬಿಟ್ಟಳು.

ಸಾಲು ಇಕ್ಕಟ್ಟು, ಒಬ್ಬರ ಹಿಂದೆ ಒಬ್ಬರೇ ನಡೆಯಬೇಕು. ಜೋಳದ ಎಲೆಯ ಅಂಚು ಮುಖಕ್ಕೆ ತಾಗಿದರೆ ಗೀರುತ್ತದೆಂದು ಅವನು ಮುಂದೆ ನಡೆದು, ಎರಡೂ ಕೈಯಿಂದ ಎಲೆ ಸರಿಸುತ್ತ ದಾರಿ ಮಾಡಿದ. ನಾಲ್ಕು ಹೆಜ್ಜೆಗೊಮ್ಮೆ ಸುಮ್ಮಸುಮ್ಮನೆ ನಿಲ್ಲುತ್ತಿದ್ದ.

“ಏನಾಯ್ತು?”

“ಒಂದು ಮಾತು ಕೇಳ್ಬೇಕು. ಹೇಗೆ ಕೇಳೋದು ಅಂತ ಯೋಚಿಸ್ತಿದ್ದೀನಿ.”

ಪ್ರತಿ ಮಾತನ್ನೂ ಹತ್ತು ಸಲ ತೂಗಿ ಆಡುವವಳು ಅವಳು. ಈ ಸಲ ತೂಗಲಿಲ್ಲ.

“ಕೇಳದಿದ್ರೂ ಹೂಂ,” ಎಂದು, ಅವನ ಬೆನ್ನಿಗೆ ಅಂಗೈ ಇಟ್ಟು ಮೆಲ್ಲಗೆ ಮುಂದಕ್ಕೆ ತಳ್ಳಿದಳು.