ಕೆಂಪು ಶಾಯಿ ಇಲ್ಲದ ಚೀಟಿ

ಶಂಕ್ರವ್ವ ನನ್ನ ಚೀಟಿಯನ್ನು ಕೂಡಿಸಿ ಕೂಡಿಸಿ ಓದಿದಳು. ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡಳು. ಆಮೇಲೆ ತಲೆಯೆತ್ತಿ, "ಸ್ವಲ್ಪ ಉದ್ದ ಆಗೇತಲ್ಲರಿ ಮಾಸ್ತರ?" ಎಂದಳು.

ಮೂವತ್ತೊಂಬತ್ತು ವರ್ಷದ ಗಂಡಸು ನಾಲ್ಕು ದಿನ ಅನ್ನ ಸೇರದೆ ಬರೆದ ಪ್ರೇಮಪತ್ರಕ್ಕೆ ಬಂದ ಉತ್ತರ ಇದು!

"ಉದ್ದ ಆದರ ಆಗಲಿ ಬಿಡ," ಎಂದೆ. "ಮತ್ತ?"

"ಮತ್ತೇನ? ಐತವಾರ ಹೇಳತೇನಿ." ಹೊರಟವಳು ತಿರುಗಿ ನಿಂತಳು. "ಅಲ್ಲರಿ, ಎದುರಿನವರ ಮಾತ ಬರದೇ ಇಲ್ಲ?"

"ಅದನ್ನ ಎದುರಿನವರ ಹೇಳಬೇಕವಾ."

ಅವಳು ನಕ್ಕಳು. ಶಂಕ್ರವ್ವ ನಕ್ಕರೆ ತುಟಿಯ ಎಡತುದಿ ಮಾತ್ರ ಮೇಲೇಳುತ್ತದೆ, ಬಲಕ್ಕೆ ಸುದ್ದಿ ಮುಟ್ಟುವಷ್ಟರಲ್ಲಿ ನಗು ಮುಗಿದಿರುತ್ತದೆ. "ಅಡ್ಡಿಯಿಲ್ಲ," ಎಂದು ಸೀರೆ ಒಣಹಾಕಲು ಹೋದಳು. ಅಂದು ಗುರುವಾರ. ಐತವಾರದವರೆಗೆ ಜೀವ ಹಿಡಿದುಕೊಂಡಿರುವುದಷ್ಟೇ ನನ್ನ ಕೆಲಸ.

ನಾನು ಉದ್ದಪ್ಪ. ಹೆಸರಷ್ಟೇ ಉದ್ದ, ಆಳು ಮೋಟು. ನಾಟಕ ಮಂಡಳಿಯ ಪ್ರಾಂಪ್ಟರ್. ಪರದೆಯ ಬಾಜೂ ಸ್ಟೂಲಿನ ಮೇಲೆ ಕೂತು, ನಟರು ಮರೆತ ಮಾತನ್ನು ಪಿಸುಗುಟ್ಟಿ ನೆನಪಿಸುವವನು. ನನ್ನ ಬಾಯಲ್ಲಿ ಸಾವಿರ ಸಲ ರಾಜರು ಸತ್ತಿದ್ದಾರೆ, ಸಾವಿರ ಸಲ ರಾಣಿಯರು ಒಲಿದಿದ್ದಾರೆ. ಚಪ್ಪಾಳೆ ಮಾತ್ರ ಬೇರೆಯವರಿಗೆ.

ಮಂಡಳಿ ಹುಟ್ಟಿದ್ದು ಹತ್ತೊಂಬತ್ತುನೂರಾ ಹತ್ತೊಂಬತ್ತರಲ್ಲಿ, ಹುಕ್ಕೇರಿಯಲ್ಲಿ, ಮಾಲಕರಾದ ಆಬಾಸಾಹೇಬರ ಹಿತ್ತಿಲಲ್ಲಿ. ಒಂದು ಹಾರ್ಮೋನಿಯಂ ಪೇಟಿ, ಒಂದು ತಬಲಾ, ಮೂರು ಪರದೆ, ಆರು ಜನ. ಚಕ್ಕಡಿ ಕಟ್ಟಿಕೊಂಡು ಊರೂರು ತಿರುಗಿದೆವು. ಮುಂದೆ ಗೋಕಾಕದಲ್ಲಿ ಹಳೆಯ ಅರಳೆ ಗೋದಾಮನ್ನು ಬಾಡಿಗೆಗೆ ಹಿಡಿದು, ತಗಡು ಹೊದಿಸಿ, ಮಣ್ಣಿನ ರಂಗ ಕಟ್ಟಿ 'ಥೇಟರು' ಎಂದು ಹೆಸರಿಟ್ಟೆವು. ಮಳೆ ಬಂದರೆ ತಗಡಿನ ಸದ್ದಿಗೆ ಒಂದು ಮಾತೂ ಕೇಳಿಸುತ್ತಿರಲಿಲ್ಲ. ಆಗ ಆಟ ನಿಲ್ಲಿಸಿ, ರಾವಣ ರಂಗದ ಅಂಚಿಗೆ ಬಂದು ಕೂತು ಮುಂದಿನ ಸಾಲಿನವರ ಜೊತೆ ಚಹಾ ಕುಡಿಯುತ್ತಿದ್ದ. ಮಳೆ ನಿಂತ ಮೇಲೆ ಮತ್ತೆ ಸೀತೆಯನ್ನು ಒಯ್ಯುತ್ತಿದ್ದ.

ಅದೆಲ್ಲ ಮುಗಿದಿತ್ತು. ಇದು ನಲವತ್ತೊಂದನೆಯ ಇಸವಿ. ಮಂದಿಗೆ ಟಾಕಿ ಸಿನೆಮಾ ಬೇಕು. ಗೋದಾಮಿನ ಒಡೆಯರು ಜಾಗವನ್ನು ಟಾಕಿಯವರಿಗೆ ಕೊಟ್ಟಿದ್ದರು. ಅವರು ಆಗಲೇ ಚಿತ್ರ ಮೂಡಿಸಲು ಹಿಂದಿನ ಗೋಡೆಗೆ ಸುಣ್ಣ ಬಳಿದು ಹೋಗಿದ್ದರು. ಐತವಾರ ಮಧ್ಯಾಹ್ನ ನಮ್ಮ ಕಡೆಯ ಆಟ. ಅಳುವುದಕ್ಕೂ ನಮ್ಮಲ್ಲಿ ಯಾರಿಗೂ ತ್ರಾಣ ಉಳಿದಿರಲಿಲ್ಲ.

ಆಬಾಸಾಹೇಬರಿಗೆ ಒಂದು ಹೆದರಿಕೆಯಿತ್ತು. ನಟರು ಓಡಿಹೋದರೂ ಚಿಂತೆಯಿಲ್ಲ, ನಾಟಕ ಓಡಿಹೋಗಬಾರದು. ಅದಕ್ಕೇ ಇಡೀ ನಾಟಕದ ಪುಸ್ತಕ ನನ್ನ ಒಬ್ಬನ ಕೈಯಲ್ಲಿ. ನಟರಿಗೆ ಅವರವರ ಮಾತಿನ ಚೀಟಿ ಮಾತ್ರ. ಅವರ ಮಾತು ಕಪ್ಪು ಶಾಯಿಯಲ್ಲಿ, ಎದುರಿನವರ ಕೊನೆಯ ನಾಲ್ಕು ಪದ ಕೆಂಪು ಶಾಯಿಯಲ್ಲಿ. ಕೆಂಪು ಕಿವಿಗೆ ಬಿದ್ದೊಡನೆ ಕಪ್ಪು ಹೇಳಬೇಕು. ಇನ್ನೊಂದು ಕಟ್ಟಪ್ಪಣೆ ನನಗೆ: ಪ್ರಾಂಪ್ಟರನ ದನಿ ಮೊದಲ ಸಾಲಿಗೆ ಕೇಳಿಸಿದರೆ ಅವನ ಕೆಲಸ ಹೋಯಿತು.

ಶಂಕ್ರವ್ವ ಎಂಟು ವರ್ಷದ ಹಿಂದೆ ಬಂದಾಗ ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಆ ಚೀಟಿಗಳ ಮೇಲೆಯೇ ಕಲಿಸಿದೆ. ಇವತ್ತಿಗೂ ಅವಳು ನನ್ನ ಕೈಬರಹ ಮಾತ್ರ ಓದುತ್ತಾಳೆ. ಅಚ್ಚಿನ ಪುಸ್ತಕ ಹಿಡಿದರೆ, "ಎವ್ವಾ, ಇರಿವಿ ಸಾಲ ಹಿಡದ ಹೊಂಟಂಗ ಕಾಣತೈತಿ," ಎಂದು ಮುಚ್ಚಿಡುತ್ತಾಳೆ. ಈಗ ಹುಬ್ಬಳ್ಳಿಯ ಒಂದು ನಾಟಕ ಕಂಪನಿ ಅವಳನ್ನು ಕರೆದಿತ್ತು. ನನಗೆ ಮೂಡಲಗಿಯ ಸಾಲಿಯಲ್ಲಿ ಮಾಸ್ತರಿಕೆ ಸಿಕ್ಕಿತ್ತು. ಸೋಮವಾರ ಅವಳು ಒಂದು ಮೋಟಾರು ಹತ್ತಿದರೆ, ನಾನೊಂದು. ಅಲ್ಲಿಗೆ ಮುಗಿಯಿತು.

ಅದಕ್ಕೇ ಬರೆದೆ. ಹೇಳಲು ಬಾಯಿ ಬರಲಿಲ್ಲ. ನಾಟಕದ ಭಾಷೆ ಬಿಟ್ಟರೆ ಬೇರೆ ಭಾಷೆಯಲ್ಲಿ ಬರೆಯಲೂ ಬರಲಿಲ್ಲ.

ಬುಧವಾರವೇ ಆಬಾಸಾಹೇಬರು ಎಲ್ಲರೆದುರು, "ಉದ್ದಪ್ಪಾ, ಕಡೀ ಆಟ ಐತಿ. ನಾಕನೇ ಅಂಕದಾಗ ಶಂಕ್ರವ್ವಗ ಹೊಸಾ ಮಾತ ಬರದಕೊಡ. ಮಂದಿ ಕಣ್ಣೀರ ಹಾಕಬೇಕ," ಎಂದಿದ್ದರು. ಹೂಂ ಎಂದು ಮರೆತಿದ್ದೆ. ಸ್ವಂತ ಬಾಳಿನ ಮಾತೇ ಬರೆದು ಮುಗಿಯುತ್ತಿರಲಿಲ್ಲ, ಇನ್ನು ನಾಟಕದ್ದೆಲ್ಲಿ?

ಶುಕ್ರವಾರ ಅವಳು ಪರದೆಗಳ ಹಿಂದೆ ಏನೋ ಗುಣುಗುತ್ತ ಅಡ್ಡಾಡಿದಳು. ಇಲ್ಲ ಎನ್ನುವುದನ್ನು ನೋವಾಗದಂತೆ ಹೇಗೆ ಹೇಳಲಿ ಎಂದು ಯೋಚಿಸುತ್ತಿದ್ದಾಳೆ ಅಂದುಕೊಂಡೆ. ಶನಿವಾರ ಬಾವಿಯ ಹತ್ತಿರ ಕೊಡ ಇಳಿಸಿ ಕೇಳಿದಳು:

"ಮಾಸ್ತರ, 'ಪರರ ಮಾತು' ಅಂದ್ರ ಮಂದಿ ಮಾತಲ್ಲರಿ?"

"ಹೌದ."

"ಚಲೋ ಬರದೀರಿ. ನನಗ ಹೊಂದತೈತಿ."

ನನಗೆ ಹೊಂದುತ್ತದೆ! ಆ ಮಾತು ಹಿಡಿದುಕೊಂಡು ಸಂಜೆಯವರೆಗೆ ಥೇಟರಿಗೆ ಸುತ್ತು ಹಾಕುತ್ತಲೇ ಇದ್ದೆ. ಕಾಲು ನೋಯುತ್ತಿತ್ತು, ಮನಸ್ಸು ಮಾತ್ರ ಕೂರಲೊಲ್ಲದು.

ಐತವಾರ ಮೂರು ಗಂಟೆಗೆ ಆಟ ಏರಿತು. ನೂಲಿನ ಗಿರಣಿಗೆ ರಜೆ, ಹಾಗಾಗಿ ಚಾಪೆಯೆಲ್ಲ ತುಂಬಿತ್ತು. ಮೂಡಲಗಿಯಿಂದಲೂ ಒಂದು ದಂಡು ಬಂದಿತ್ತು. ಹನ್ನೊಂದು ವರ್ಷ ಆಡಿದ ನಾಟಕಕ್ಕೆ ತಾಲೀಮು ಯಾಕೆಂದು ಯಾರೂ ಮಾಡಿರಲಿಲ್ಲ. ಗಂಡ ಹೊರಹಾಕಿದ ಹೆಂಡತಿ ನಾಲ್ಕನೇ ಅಂಕದಲ್ಲಿ ಅವನ ಬಾಗಿಲಿಗೆ ತಿರುಗಿ ಬರುವ ಕಥೆ. ಗಂಡನ ಪಾತ್ರ ಬೀರಸಿದ್ದಪ್ಪನದು. ಐವತ್ತು ದಾಟಿದರೂ ನಾಯಕನ ರುಮಾಲು ಬಿಟ್ಟುಕೊಡದವನು.

ಶಂಕ್ರವ್ವ ಬಂದು ಅವನೆದುರು ನಿಂತಳು. ನಾನು ಪುಸ್ತಕದ ಮೇಲೆ ಬೆರಳಿಟ್ಟೆ. ಅವಳು ಬಾಯಿ ತೆರೆದಳು. ಪುಸ್ತಕದಲ್ಲಿದ್ದ ಮಾತು ಬರಲಿಲ್ಲ.

"ಇಷ್ಟು ವರ್ಷ ನಾನಾಡಿದ್ದೆಲ್ಲ ಪರರ ಮಾತು. ನನ್ನದೆಂಬುದು ಒಂದೇ ಮಾತು ಉಳಿದಿದೆ. ಅದನ್ನು ಇಂದು ನಿಮ್ಮೆದುರು ಇಡುತ್ತಿರುವೆ."

ನನ್ನ ಕಾಗದ! ಅಕ್ಷರ ತಪ್ಪದೆ ಬಾಯಿಪಾಠ ಮಾಡಿದ್ದಾಳೆ ಪುಣ್ಯಾತ್ಗಿತ್ತಿ. ಐತವಾರ ಹೇಳತೇನಿ ಎಂದದ್ದು ಇದನ್ನು! ಹೊಸ ಮಾತಿನ ಚೀಟಿ ಎಂದುಕೊಂಡಿದ್ದಾಳೆ. ತಡೆಯುವುದು ಹೇಗೆ? ಕೂಗುವಂತಿಲ್ಲ, ಹೋಗಿ ಕೈ ಹಿಡಿಯುವಂತಿಲ್ಲ. ಇದ್ದಲ್ಲೇ ಬೆವತೆ.

"ನಾನು ದಣಿದಿರುವೆ. ನೀವೂ ದಣಿದಿರುವಿರೆಂದು ಬಲ್ಲೆ. ದಣಿದವರಿಬ್ಬರು ಒಂದೇ ಕಟ್ಟೆಯ ಮೇಲೆ ಕುಳಿತರೆ ದಣಿವು ಅರ್ಧವಾಗುವುದಂತೆ. ಮೂಡಲಗಿಯಲ್ಲಿ ಎರಡು ಖೋಲಿಯ ಮನೆಯುಂಟು. ಮಾಳಿಗೆ ಸೋರುವುದಿಲ್ಲ."

ಮೂಡಲಗಿಯ ದಂಡು ಸಿಳ್ಳೆ ಹಾಕಿತು. ಆಟ ನೋಡಲು ಬಂದವರ ಊರಿನ ಹೆಸರು ಸೇರಿಸಿ ಚಪ್ಪಾಳೆ ಗಿಟ್ಟಿಸುವುದು ನಮ್ಮಲ್ಲಿ ಹಳೆಯ ರೂಢಿ. ಶಂಕ್ರವ್ವನೂ ಹಾಗೆಂದೇ ತಿಳಿದಿದ್ದಳು. ಸಿಳ್ಳೆ ನಿಲ್ಲುವವರೆಗೆ ಕಾದು ಮುಂದುವರಿಸಿದಳು.

"ನೀವು ಮರೆತ ಮಾತನ್ನು ನೆನಪಿಸಲು ಬಾಜೂದಲ್ಲಿ ನಾನಿರುವೆ..."

ಅಲ್ಲಿ ನಿಂತಳು.

ಮರೆತಳೆಂದು ಮಂದಿ ತಿಳಿದರು. ನನಗೆ ಗೊತ್ತು, ಮರೆತಿರಲಿಲ್ಲ. ಮರೆತ ಮಾತು ನೆನಪಿಸುವವರು ಈ ಮಂಡಳಿಯಲ್ಲಿ ಎಷ್ಟು ಜನ? ಅವಳ ಕೈ ಮೆಲ್ಲಗೆ ಎದೆಯ ಹತ್ತಿರ, ಚೀಟಿಯಿದ್ದಲ್ಲಿಗೆ ಹೋಯಿತು. ಬಣ್ಣದಡಿಯಲ್ಲೂ ಮುಖ ಕೆಂಪಾದದ್ದು ಕಾಣಿಸಿತು. ಬಿಟ್ಟುಬಿಡಬಹುದಿತ್ತು. ಹಳೆಯ ಮಾತಿಗೆ ಹೊರಳಬಹುದಿತ್ತು.

ಅವಳು ಬೀರಸಿದ್ದಪ್ಪನಿಗೆ ಬೆನ್ನು ಕೊಟ್ಟು ನನ್ನ ಕಡೆ ತಿರುಗಿದಳು. ಎಂಟು ವರ್ಷದಲ್ಲಿ ಮಾತು ಬೇಕಾದಾಗ ನೂರು ಸಲ ನೋಡಿದ್ದಳು. ಹೀಗೆ ನೋಡಿರಲಿಲ್ಲ.

"ನನ್ನೊಡನೆ ಬರುವಿರಾ?"

ನನ್ನ ಪ್ರಶ್ನೆ. ನನ್ನನ್ನೇ ಕೇಳುತ್ತಿದ್ದಾಳೆ!

ಬೀರಸಿದ್ದಪ್ಪ ಗಾಬರಿಯಾಗಿ ನನ್ನತ್ತ ಕಣ್ಣು ಹೊರಳಿಸಿದ. ರೂಢಿಯಂತೆ ಪಿಸುಗುಟ್ಟಿದೆ: "ಬರುವೆ." ಅವನು ಎದೆ ತಟ್ಟಿಕೊಂಡು, "ಬರುವೆ, ಪ್ರಿಯೇ, ಬರುವೆ!" ಎಂದು ಗುಡುಗಿದ. ಚಪ್ಪಾಳೆ ಬಿತ್ತು.

ಶಂಕ್ರವ್ವ ಕದಲಲಿಲ್ಲ. ಕಣ್ಣಲ್ಲಿ ನೀರು, ತುಟಿಯ ಎಡತುದಿ ಮಾತ್ರ ಮೇಲೆ. ನಾಟಕದ ಭಾಷೆಯನ್ನೂ ಬಿಟ್ಟಳು.

"ಕೇಳಿಸಲಿಲ್ಲರಿ."

ಇಪ್ಪತ್ತು ವರ್ಷ ಉಸಿರು ಹಿಡಿದು ಬದುಕಿದವನು ನಾನು. ಸ್ಟೂಲು ಉರುಳಿತು, ಪುಸ್ತಕ ಬಿತ್ತು. ಎದ್ದು ನಿಂತೆ.

"ಬರತೇನಿ!" ಎಂದೆ. "ಬರತೇನಿ, ಶಂಕ್ರವ್ವಾ!"

ಮುಂದಿನ ಕುರ್ಚಿಯಿಂದ ಆಬಾಸಾಹೇಬರು ಎದ್ದು ನಿಂತು, ಹೆಗಲ ಉಪರಣೆಯಿಂದ ಕಣ್ಣೊರೆಸಿಕೊಂಡರು. "ಕಡೀ ಸಾಲಿಗೂ ಕೇಳಿಸ್ತಪಾ ಉದ್ದಪ್ಪಾ. ನಿನ್ನ ಕೆಲಸ ಹೋತ."

ಆಟ ಇಳಿದ ಮೇಲೆ ಬೀರಸಿದ್ದಪ್ಪ ಅಡವಿಯ ಪರದೆ ಸುತ್ತುತ್ತಿದ್ದ. ಹಿಂದಿನ ಬಿಳಿ ಗೋಡೆ ಬರಿದಾಗಿ ಕಾಣುತ್ತಿತ್ತು. ಶಂಕ್ರವ್ವ ಅರ್ಧ ಬಣ್ಣ ಅಳಿಸಿದ ಮುಖದಲ್ಲಿ ಬಂದು ಪಕ್ಕದಲ್ಲಿ ಕೂತಳು.

"ಹುಬ್ಬಳ್ಳಿ?" ಎಂದೆ.

"ಅಲ್ಲಿ ನಿಮ್ಮ ಅಕ್ಷರ ಎಲ್ಲಿ ಇರತಾವ?" ಎಂದಳು. ಸ್ವಲ್ಪ ಹೊತ್ತು ಕಾಲು ನೀವಿಕೊಂಡಳು. "ಮಂದಿ ಆಡಕೊಂತಾರರಿ. ಕಂಪನಿ ಹೆಣ್ಣ ಮನಿಗೆ ತಂದ ಅಂತ."

"ಆಡಕೊಳ್ಳಲಿ. ಪರರ ಮಾತು."

ಅವಳು ಈ ಸಲ ಪೂರ್ತಿ ನಕ್ಕಳು. ಬೆವರಿಗೆ ತೊಯ್ದ ಚೀಟಿಯನ್ನು ಹೊರತೆಗೆದು ನನ್ನ ತೊಡೆಯ ಮೇಲಿಟ್ಟಳು. "ಎದುರಿನವರ ಮಾತ ಬರಕೊಡ್ರಿ. ಇಲ್ಲಂದ್ರ ಚೀಟಿ ಅರ್ಧಾ ಆಗತೈತಿ."

ದೌತಿಯಲ್ಲಿ ಕೆಂಪು ಶಾಯಿ ತಳಕ್ಕೆ ಹೋಗಿತ್ತು, ಆದರೂ ಒಂದು ಮಾತಿಗೆ ಸಾಕಾಯಿತು. ಬರೆದುಕೊಟ್ಟೆ. ಅವಳು ಕಿಟಕಿಯ ಬೆಳಕಿಗೆ ಹಿಡಿದು, ಬೆರಳಿಟ್ಟು, ಕೂಡಿಸಿ ಕೂಡಿಸಿ ಜೋರಾಗಿ ಓದಿದಳು: "ಬ... ರ... ತೇ... ನಿ."