ಕಲ್ಲವ್ವ ಕೇಳಿದ ಮೊದಲ ಮಾತು

"ಹಾಳು!"

ಗಾಡಿಯಿಂದ ಒಂದು ಕಾಲು ಕೆಳಗಿಟ್ಟ ಕಲ್ಲವ್ವ ಅಲ್ಲೇ ನಿಂತುಬಿಟ್ಟಳು.

ಮದುವೆಯಾದ ಮೇಲೆ ಗಂಡನ ಬಾಯಿಂದ ಬಂದ ಮೊದಲ ಮಾತು ಇದೇನಾ...?

1926ರ ಬೇಸಿಗೆ. ನಮ್ಮ ಮುತ್ತಜ್ಜಿ ಕಲ್ಲವ್ವನಿಗೆ ಆಗ ಹದಿನೆಂಟು. ರೋಣದ ಹುಡುಗಿ ರೈಲಿನಲ್ಲಿ ಪುಣೆಗೆ ಬಂದು, ಗಾಡಿ ಹತ್ತಿ, ಹಡಪಸರದ ಹೊಲದ ಮನೆ ತಲುಪಿದ್ದಳು.

ಮಾವ ಫಕೀರಪ್ಪ ಗದಗದ ಕಡೆಯಿಂದ ಬಂದು ಇಲ್ಲಿ ಹೊಲ ಮಾಡಿಕೊಂಡವರು. ಗಂಡ ಸಿದ್ರಾಮಪ್ಪ ಹುಟ್ಟಿದ್ದೇ ಇಲ್ಲಿ. ತಾಯಿಯಿಲ್ಲದ ಆತನನ್ನು ಸಾಕಿದ್ದು ಪಕ್ಕದ ಮನೆಯ ಭಾಮಾ. ಹಾಗಾಗಿ ಆತನ ಮಾತೆಲ್ಲ ಮರಾಠಿ. ಹೆಂಡತಿಯ ಮುಂದೆ ಮಾತ್ರ ಮೂಕ!

ಬುತ್ತಿ ಹೊತ್ತು ಬದುವಿನ ಮೇಲೆ ನಡೆದರೆ ಅದೊಂದೇ ಮಾತು, 'ಹಾಳು!' ಹುಲ್ಲಿನ ಹೊರೆ ಎತ್ತಿದರೆ ಅದೇ ಮಾತು. ಬಂದ ವಾರವೇ ಎಮ್ಮೆಯ ಕರು ಸತ್ತಿತು.

'ನನ್ನ ಕಾಲ್ಗುಣವೇ ಕೆಟ್ಟದ್ದೇನೋ...'

ಆದರೆ ಅವಳು ಏಳುವಷ್ಟರಲ್ಲಿ ಹಂಡೆಯಲ್ಲಿ ನೀರು ತುಂಬಿರುತ್ತಿತ್ತು. ತುಂಬಿದವನು ಅವನೇ!

'ಬೈಯುವವನು ನೀರು ಯಾಕೆ ತುಂಬಬೇಕು? ನೋಡಿದರೆ ತಲೆ ತಗ್ಗಿಸುತ್ತಾನೆ... ಇವನ ಮನಸ್ಸಿನಲ್ಲಿ ಏನಿದೆ?'

ಮಾವನಿಗೆ ಹೇಳಲು ಬಾಯಿ ಬರದೆ ಎರಡು ತಿಂಗಳು ತಡೆದಳು. ಕೊನೆಗೆ ತವರೂರಿನ ವ್ಯಾಪಾರಿಯೊಬ್ಬನ ಕೈಲಿ ಅಣ್ಣನಿಗೆ ಹೇಳಿ ಕಳಿಸಿದಳು: ಬಂದು ಕರಕೊಂಡು ಹೋಗು.

ಅಣ್ಣ ಸಂಕಪ್ಪ ಬಂದೇಬಿಟ್ಟ. ಅವಳ ಗಂಟು ಗಾಡಿಯೇರಿತು.

"ನಡಿ ತಂಗಿ, ರೈಲಿಗೆ ಹೊತ್ತಾತು."

ಸೊಸೆಯನ್ನು ಕಳಿಸಲು ಫಕೀರಪ್ಪ ಹೊರಬಂದರು. ಮೊಣಕಾಲು ಹಿಡಿದುಕೊಂಡಿದ್ದ ತಂದೆಯನ್ನು ಸಿದ್ರಾಮಪ್ಪ ಎರಡೂ ಕೈಯಲ್ಲಿ ತಬ್ಬಿ ಮೆಟ್ಟಿಲು ಇಳಿಸುತ್ತಿದ್ದ.

"ಹಳೂ ಬಾಬಾ... ಹಳೂ..."

ಅದೇ ಮಾತು! ಕಲ್ಲವ್ವ ತಿರುಗಿ ನೋಡಿದಳು. ಹೆತ್ತ ತಂದೆಗೆ ಹೀಗೆ ಯಾರಾದರೂ ಬೈಯುತ್ತಾರೆಯೇ? ಅದೂ ಇಷ್ಟು ಮೆಲ್ಲಗೆ!

"ಮಾವಾರ... ಹಳೂ ಅಂದ್ರ ಏನ್ರಿ?"

"ಸಾವಕಾಶ ಅಂತವ್ವಾ. ನಾ ಬಿದ್ದಗಿದ್ದೇನು ಅಂತ ಅಂಜತಾನ."

ಸಾವಕಾಶ...! ಗಾಡಿ ಇಳಿದ ದಿನವೂ? ಬದುವಿನ ಮೇಲೂ? ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸಿಟ್ಟೂ ಬಂತು.

"ನೀವು ನನಗ ಹಾಳು, ಹಾಳು ಅಂತ ಬೈತೀರಿ ಅನ್ಕೊಂಡಿದ್ದೆನ್ರಿ! ಎರಡು ತಿಂಗಳು ಅತ್ತೀನಿ!"

ಸಿದ್ರಾಮಪ್ಪನ ಮುಖ ಬಿಳಿಚಿತು. ತಂದೆಯನ್ನು ಕಟ್ಟೆಯ ಮೇಲೆ ಕೂರಿಸಿ ಹತ್ತಿರ ಬಂದ.

"ನೀ... ಹೋಗಬ್ಯಾಡ."

ಕನ್ನಡ! ಕಲ್ಲವ್ವನ ಕಣ್ಣು ತುಂಬಿ ಬಂತು.

"ಬರತದಲ್ರಿ ನಿಮಗ! ಮತ್ತ ಯಾಕ ಸುಮ್ಮನಿದ್ರಿ?"

"ನನ್ನ ಕನ್ನಡ... ತಪ್ಪು ಭಾಳ. ನೀ ನಗತಿ ಅಂತ..."

ಅವಳು ಅಣ್ಣನ ಕಡೆ ತಿರುಗಿದಳು. "ಅಣ್ಣಾ, ಗಂಟು ಇಳಸು. ಉಂಡು ನಾಳೆ ನೀ ಒಬ್ಬನ ಹೋಗು."

ಸಂಕಪ್ಪ ಇಬ್ಬರ ಮುಖವನ್ನೂ ನೋಡಿ, ತಲೆ ಕೆರೆದುಕೊಂಡು, ಗಾಡಿಯತ್ತ ನಡೆದ.

"ಖರೇನ ನಗತೀ ಏನು?" ಸಿದ್ರಾಮಪ್ಪ ಅಂಜುತ್ತಲೇ ಕೇಳಿದ.

"ನಗತೀನ್ರಿ," ಕಲ್ಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ದಿನಾ ನಗತೀನಿ... ಆದ್ರ ಹೋಗಂಗಿಲ್ಲ."